ಅಜ್ಜಿಯ ಪತ್ರಗಳಿಗೆ ರಟ್ಟಿನ ಪೆಟ್ಟಿಗೆ: ಮುಚ್ಚಳ ಸೊಟ್ಟಗಾಗದಂತೆ ಕಟ್ಟುವುದು ಹೇಗೆ?

ಪ್ರಶ್ನೆ: ಭೂಮಿಹುಣ್ಣಿಮೆ (ಸಾಗರ)

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ನಮ್ಮ ಅಜ್ಜಿ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಅರವತ್ತಕ್ಕೂ ಹೆಚ್ಚು ಪತ್ರಗಳು ಸಿಕ್ಕವು. ಅರ್ಧದಷ್ಟು ಅಂಚೆ ಕಾರ್ಡುಗಳು, ಉಳಿದವು ನೀಲಿ ಇನ್‌ಲ್ಯಾಂಡ್ ಪತ್ರಗಳು. ಎಲ್ಲವೂ ಬೊಂಬಾಯಿಯಲ್ಲಿ ಹೋಟೆಲ್ ಕೆಲಸಕ್ಕಿದ್ದ ಅವರ ತಮ್ಮ ಬರೆದವು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಪತ್ರ ಬಂದಾಗಲೆಲ್ಲ ನನ್ನ ಅಮ್ಮನೇ ಓದಿ ಹೇಳುತ್ತಿದ್ದರಂತೆ. ಪತ್ರಗಳ ಜೊತೆಗೆ ಏಳೆಂಟು ಕಪ್ಪು-ಬಿಳುಪು ಫೋಟೋಗಳಿದ್ದವು, ಚಿತ್ತಾರ ಬರೆಯಲು ಅಜ್ಜಿ ಬಳಸುತ್ತಿದ್ದ ಪುಂಡಿನಾರಿನ ಒಂದು ಕುಂಚವೂ ಇತ್ತು. ಇವೆಲ್ಲವನ್ನೂ ಇಡುವುದಕ್ಕೆ ನನ್ನ ಕೈಯಾರೆ ಒಂದು ನೆನಪಿನ ಪೆಟ್ಟಿಗೆ ಮಾಡಿ, ಈ ಸಲದ ಭೂಮಿ ಹುಣ್ಣಿಮೆಯ ಹೊತ್ತಿಗೆ ಅಮ್ಮನಿಗೆ ಕೊಡಬೇಕೆಂದು ಆಸೆ. ನಮ್ಮೂರಿನ ಗುಡಿಗಾರರು ಕೆತ್ತುವ ಗಂಧದ ಪೆಟ್ಟಿಗೆಯನ್ನೇ ಕೊಂಡುಕೊಡಬಹುದಲ್ಲ ಎಂದು ಮನೆಯಲ್ಲಿ ಹೇಳಿದರು. ಆದರೆ ಕಾಗದದ ಪತ್ರಗಳಿಗೆ ಕಾಗದದ್ದೇ ಪೆಟ್ಟಿಗೆ ಇರಲಿ, ಅದು ನನ್ನ ಕೈಯದೇ ಆಗಿರಲಿ ಎಂಬುದು ನನ್ನ ಹಟ.

ಮೊದಲ ಪ್ರಯತ್ನ ಆಷಾಢದಲ್ಲಿ ನಡೆಯಿತು. 2 ಮಿ.ಮೀ. ದಪ್ಪದ ಬೂದು ರಟ್ಟನ್ನು ಕಟ್ಟರಿನಿಂದ ಕತ್ತರಿಸಿ, ಬಿಳಿ ಅಂಟಿಗೆ ನೀರು ಬೆರೆಸಿ ಗೋಡೆಗಳನ್ನು ಕೂಡಿಸಿದೆ. ಮುಚ್ಚಳವು ಪುಸ್ತಕದ ರಟ್ಟಿನಂತೆ ತೆರೆದುಕೊಳ್ಳಲಿ ಎಂದು ಹಿಂಬದಿಗೆ ಬಟ್ಟೆಯ ಪಟ್ಟಿ ಅಂಟಿಸಿದೆ. ಹೊರಗೆಲ್ಲ ಕೆಂಪು ಕೈಕಾಗದ ಹಚ್ಚಿದೆ. ಒಳಗೆ ಏನನ್ನೂ ಹಚ್ಚಲಿಲ್ಲ. ಮೂರನೆಯ ದಿನ ನೋಡಿದರೆ ಮುಚ್ಚಳದ ನಡುಭಾಗ ತಗ್ಗಿ, ನಾಲ್ಕೂ ಮೂಲೆಗಳು ಊಟದ ತಟ್ಟೆಯ ಅಂಚಿನಂತೆ ಮೇಲೆದ್ದಿದ್ದವು. ಅಲ್ಲಲ್ಲಿ ಗುಳ್ಳೆಗಳಿದ್ದವು, ಮೂಲೆಗಳಲ್ಲಿ ರಟ್ಟು ಇಣುಕುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಒಳಮೈಗೆ ಬೂಷ್ಟು ಹಿಡಿಯಿತು. ಪುಣ್ಯಕ್ಕೆ ಪತ್ರಗಳನ್ನು ಇನ್ನೂ ಅದರೊಳಗೆ ಇಟ್ಟಿರಲಿಲ್ಲ.

ನನ್ನ ಪ್ರಶ್ನೆಗಳು ಇಷ್ಟು. ಮುಚ್ಚಳ ಹೀಗೆ ಬಾಗದಂತೆ ಏನು ಮಾಡಬೇಕು? ಮಲೆನಾಡಿನ ಮಳೆಯಲ್ಲಿ ಇಂಥ ಪೆಟ್ಟಿಗೆ ಬಾಳುತ್ತದೆಯೆ? ಮತ್ತು ಅಲಂಕಾರದ ವಿಚಾರ: ಭೂಮಿ ಹುಣ್ಣಿಮೆಯ ದಿನ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಅಜ್ಜಿ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಿದ್ದರು. ಅದೇ ಎಳೆಗಳನ್ನು ಬಣ್ಣದಿಂದಲ್ಲ, ಬಿಳಿ ಕಾಗದದ ಸಣ್ಣ ಪಟ್ಟಿಗಳಿಂದ ಮುಚ್ಚಳದ ಮೇಲೆ ಮೂಡಿಸಬೇಕೆಂದಿದ್ದೇನೆ. ಇದು ಸಾಧ್ಯವೆ?

ಉತ್ತರ 1: ರಟ್ಟುಕೆಲಸ (ಮೈಸೂರು)

ತಂಗಿ, ನಾನು ಮೂವತ್ತನಾಲ್ಕು ವರ್ಷ ಪುಸ್ತಕದ ಬೈಂಡಿಂಗ್ ಕೆಲಸ ಮಾಡಿದವನು. ಮುಚ್ಚಳ ತಟ್ಟೆಯಂತೆ ಎದ್ದಿತು ಎಂದು ನೀವು ಬರೆದದ್ದನ್ನು ಓದಿದ ಕೂಡಲೇ ಅದು ಹೇಗಾಯಿತೆಂದು ತಿಳಿಯಿತು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಏಕೆಂದರೆ ಇದೊಂದು ಅರ್ಥವಾದರೆ ಉಳಿದ ಕೆಲಸವೆಲ್ಲ ಕೈಗೆ ತಾನಾಗಿ ಬರುತ್ತದೆ.

ಕಾಗದವೂ ರಟ್ಟೂ ನಾರಿನಿಂದ ಆದವು. ಯಂತ್ರದಲ್ಲಿ ತಯಾರಾಗುವಾಗ ನಾರುಗಳು ಹೆಚ್ಚಾಗಿ ಯಂತ್ರ ಓಡುವ ದಿಕ್ಕಿಗೇ ಮಲಗುತ್ತವೆ. ಪ್ರೆಸ್ಸಿನವರು ಇದನ್ನು ಗ್ರೇನ್ ಎನ್ನುತ್ತಾರೆ. ನೀರು ತಗುಲಿದಾಗ ನಾರು ಉದ್ದಕ್ಕೆ ಬೆಳೆಯುವುದು ತೀರ ಕಡಿಮೆ, ಅಡ್ಡಕ್ಕೆ ಉಬ್ಬುವುದೇ ಹೆಚ್ಚು. ಅಂಟು ಹಚ್ಚಿದ ಕಾಗದ ಹೀಗೆ ಹಿಗ್ಗಿದ ಸ್ಥಿತಿಯಲ್ಲಿಯೇ ರಟ್ಟಿಗೆ ಹತ್ತಿಕೊಳ್ಳುತ್ತದೆ, ಒಣಗುವಾಗ ಕುಗ್ಗುತ್ತದೆ, ಕುಗ್ಗುವಾಗ ರಟ್ಟನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಗಿರಣಿಯ ಕಾಗದವಾಗಿದ್ದರೆ ಎಳೆತ ಒಂದೇ ದಿಕ್ಕಿಗೆ ಇರುವುದರಿಂದ ಮುಚ್ಚಳವು ನಾಡಹಂಚಿನಂತೆ ಬಾಗುತ್ತಿತ್ತು. ನಿಜವಾದ ಕೈಕಾಗದದಲ್ಲಿ ನಾರು ಯಾವ ಒಂದು ದಿಕ್ಕಿಗೂ ಕಟ್ಟುಬಿದ್ದಿರುವುದಿಲ್ಲ. ಅದು ಸುತ್ತಲೂ ಎಳೆಯುತ್ತದೆ. ಆದ್ದರಿಂದಲೇ ನಿಮ್ಮ ಮುಚ್ಚಳದ ನಾಲ್ಕೂ ಮೂಲೆಗಳು ಎದ್ದವು. ಅಂಟಿಗೆ ನೀರು ಹೆಚ್ಚಿದಷ್ಟೂ ಹಿಗ್ಗುವುದೂ ಹೆಚ್ಚು, ಎಳೆತವೂ ಹೆಚ್ಚು.

ಪರಿಹಾರ ಎಂದರೆ ಎರಡೂ ಕಡೆ ಸಮನಾದ ಎಳೆತ ಕೊಡುವುದು. ಹೊರಗೆ ಯಾವ ಕಾಗದವನ್ನು ಹಚ್ಚಿದಿರೋ ಅದನ್ನೇ, ಅಥವಾ ಅಷ್ಟೇ ತೂಕದ ಇನ್ನೊಂದನ್ನು ಅದೇ ದಿನ ಒಳಗೂ ಹಚ್ಚಿರಿ. ಆಮೇಲೆ ಎರಡು ಒತ್ತುಕಾಗದಗಳ ನಡುವೆ ಇಟ್ಟು ಮೇಲೆ ಭಾರ ಹೇರಿ, ಒತ್ತುಕಾಗದವನ್ನು ಬದಲಿಸುತ್ತಾ ಒಂದು ಹಗಲು ಒಂದು ರಾತ್ರಿ ಬಿಡಿ. ನಾವು ಅಂಗಡಿಯಲ್ಲಿ ಇದಕ್ಕಾಗಿ ಕಡಪ ಕಲ್ಲಿನ ಎರಡು ತುಂಡುಗಳನ್ನು ಇಟ್ಟುಕೊಂಡಿದ್ದೆವು. ಮನೆಯಲ್ಲಿ ಸಮತಟ್ಟಾದ ಹಲಗೆಯ ಮೇಲೆ ಅಕ್ಕಿಯ ಡಬ್ಬಿ ಇಟ್ಟರೂ ಆದೀತು.

ರಟ್ಟಿನ ನಾರಿನ ದಿಕ್ಕನ್ನು ತಿಳಿಯಲು ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಗ್ಗಿಸಿ ನೋಡಿ. ಯಾವ ಕಡೆಗೆ ಸುಲಭವಾಗಿ ಬಗ್ಗುತ್ತದೆಯೋ, ಆ ಮಡಿಕೆಯ ಗೆರೆಗೆ ಸಮಾನಾಂತರವಾಗಿ ನಾರು ಓಡುತ್ತಿರುತ್ತದೆ. ತಳಕ್ಕೂ ಮುಚ್ಚಳಕ್ಕೂ ನಾರು ಉದ್ದದ ದಿಕ್ಕಿಗೆ ಬರುವಂತೆ ಕತ್ತರಿಸಿ. ಗೋಡೆಗಳಿಗೂ ಹಾಗೆಯೇ, ಆಯಾ ಗೋಡೆಯ ಉದ್ದಕ್ಕೆ.

ಇನ್ನೊಂದು ಮಾತು: ಪುಸ್ತಕದಂತೆ ತೆರೆಯುವ ಚಪ್ಪಟೆ ಮುಚ್ಚಳ ಹೊಸಬರ ಕೈಗೆ ಕಷ್ಟದ್ದು, ಅದನ್ನು ಹಿಡಿದು ನಿಲ್ಲಿಸಲು ಯಾವ ಗೋಡೆಯೂ ಇರುವುದಿಲ್ಲ. ಮೇಲಿನಿಂದ ತೊಡಿಸುವ ಮುಚ್ಚಳ ಮಾಡಿ, ಅದರ ನಾಲ್ಕು ಗೋಡೆಗಳೇ ಅದನ್ನು ಸಮವಾಗಿ ಇಡುತ್ತವೆ. ಅಂಚೆ ಕಾರ್ಡು 14 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ ಇರುತ್ತದೆ. ಇನ್‌ಲ್ಯಾಂಡ್ ಪತ್ರಗಳೂ ಫೋಟೋಗಳೂ ಇರುವುದರಿಂದ ಒಳ ಅಳತೆ 24 × 18 × 8 ಸೆಂ.ಮೀ. ಇರಲಿ. ಆಗ ತಳದ ರಟ್ಟು 24 × 18. ಉದ್ದನೆಯ ಗೋಡೆಗಳು ಎರಡು, 24 × 8.2. ಗಿಡ್ಡ ಗೋಡೆಗಳು ಎರಡು, 18.4 × 8.2, ಇವು ಉದ್ದ ಗೋಡೆಗಳ ತುದಿಯನ್ನು ಮುಚ್ಚಬೇಕಾದ್ದರಿಂದ ಎರಡು ರಟ್ಟಿನ ದಪ್ಪದಷ್ಟು ಹೆಚ್ಚು. ಪೆಟ್ಟಿಗೆಯ ಹೊರ ಅಳತೆ 24.4 × 18.4 ಆಯಿತು. ಮುಚ್ಚಳದ ಮೇಲ್ಭಾಗವನ್ನು 24.7 × 18.7ಕ್ಕೆ ಕತ್ತರಿಸಿ, ಹೆಚ್ಚಿನ 3 ಮಿ.ಮೀ. ಪೆಟ್ಟಿಗೆಯ ಹೊರಮೈಗೂ ಮುಚ್ಚಳದ ಒಳಮೈಗೂ ಹಚ್ಚುವ ಕಾಗದದ ದಪ್ಪಕ್ಕೆ ಮತ್ತು ಗಾಳಿ ಓಡಾಡುವಷ್ಟು ಸಂದಿಗೆ. ಬಟ್ಟೆ ಹಚ್ಚುವುದಾದರೆ ಇಷ್ಟು ಸಾಲದು. ಪೆಟ್ಟಿಗೆಗೆ ಪೂರ್ತಿ ಹೊದಿಕೆ ಹಾಕಿ ಮುಗಿದ ಮೇಲೆಯೇ ಮುಚ್ಚಳದ ರಟ್ಟನ್ನು ಕತ್ತರಿಸಿ. ಲೆಕ್ಕಕ್ಕಿಂತ ಕಣ್ಣಮುಂದಿನ ಪೆಟ್ಟಿಗೆಯನ್ನು ಅಳೆಯುವುದು ಎಂದಿಗೂ ಮೇಲು.

ಅಂಟಿನ ವಿಷಯ. ಗೋಡೆ ಕೂಡಿಸುವಾಗ ಬಿಳಿ ಅಂಟಿಗೆ ಒಂದು ಹನಿ ನೀರನ್ನೂ ಬೆರೆಸಬೇಡಿ. ಕಾಗದ ಹಚ್ಚಲು ಎರಡು ಪಾಲು ಬಿಳಿ ಅಂಟಿಗೆ ಒಂದು ಪಾಲು ಮೈದಾ ಸರಿಯನ್ನು ಬೆರೆಸಿ. ಬರೀ ಬಿಳಿ ಅಂಟು ಬೇಗ ಹಿಡಿದುಕೊಂಡು ಕಾಗದವನ್ನು ಸರಿಪಡಿಸಲು ಸಮಯ ಕೊಡುವುದಿಲ್ಲ, ಗುಳ್ಳೆ ಏಳುವುದೂ ಇದರಿಂದಲೇ. ಸರಿ ಕಾಯಿಸುವಾಗ ಒಂದು ಲೋಟ ಮೈದಾಕ್ಕೆ ಐದಾರು ಲೋಟ ತಣ್ಣೀರು ಹಾಕಿ, ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಿರಿ. ಬಿಳುಪು ಹೋಗಿ ಗಾಜಿನಂತೆ ತಿಳಿಯಾದಾಗ ಇಳಿಸಿ, ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ಹುಳ ಬಾರದಿರಲೆಂದು ನಾವು ಒಂದು ಚಿಟಿಕೆ ಮೈಲುತುತ್ತ ಹಾಕುತ್ತಿದ್ದೆವು.

ಕೊನೆಯದಾಗಿ, ಮಳೆಗಾಲದಲ್ಲಿ ಈ ಕೆಲಸ ಮಾಡಬೇಡಿ. ನಿಮ್ಮ ಊರಿನ ಆಷಾಢದಲ್ಲಿ ರಟ್ಟು ಅಂಟು ಕಾಣುವ ಮೊದಲೇ ನೀರು ಕುಡಿದಿರುತ್ತದೆ. ಸಂಕ್ರಾಂತಿಯ ಆಚೆ ಈಚೆ ಮಾಡಿ. ಭೂಮಿ ಹುಣ್ಣಿಮೆ ತಪ್ಪಿದರೆ ತಪ್ಪಲಿ. ಪೆಟ್ಟಿಗೆ ಕೆಡುವುದು ಬೇಡ.

ಉತ್ತರ 2: ಖಣದಂಚು (ಬಾಗಲಕೋಟೆ)

ಮೇಲಿನ ಹಿರಿಯರು ಪೆಟ್ಟಿಗೆಯ ಮೈಕಟ್ಟಿನ ವಿಚಾರವನ್ನು ಪೂರ್ತಿಯಾಗಿ ಹೇಳಿದ್ದಾರೆ. ನಾನು ಹೊದಿಕೆ ಮತ್ತು ಅಲಂಕಾರದ ಬಗ್ಗೆ ಮಾತ್ರ ಬರೆಯುತ್ತೇನೆ. ಗುಳೇದಗುಡ್ಡದ ಖಣವನ್ನು ಹೊದಿಸಿ ಪೆಟ್ಟಿಗೆಗಳನ್ನು ಮಾಡುವುದು ನನಗೆ ಹತ್ತು ವರ್ಷದ ಅಭ್ಯಾಸ, ಅದರಲ್ಲಿ ಮೊದಲ ಎರಡು ವರ್ಷ ಮೂಲೆಗಳನ್ನು ಕೆಡಿಸಿಕೊಂಡೇ ಕಲಿತೆ.

ಮೂಲೆಯಲ್ಲಿ ರಟ್ಟು ಇಣುಕುವುದಕ್ಕೆ ಕಾರಣ ಒಂದೇ: ಹೊದಿಕೆಯ ಕಾಗದದ ಮೂಲೆಯನ್ನು ರಟ್ಟಿನ ತುದಿಗೆ ತೀರ ಹತ್ತಿರ ಕತ್ತರಿಸಿರುತ್ತೇವೆ. ರಟ್ಟನ್ನು ಕಾಗದದ ಮೇಲೆ ಮಲಗಿಸಿ, ಸುತ್ತಲೂ 2 ಸೆಂ.ಮೀ. ಅಂಚು ಬಿಟ್ಟ ಮೇಲೆ, ಮೂಲೆಯನ್ನು 45 ಡಿಗ್ರಿಯಲ್ಲಿ ಓರೆಯಾಗಿ ಕತ್ತರಿಸುವಾಗ ಕತ್ತರಿಯ ಗೆರೆಗೂ ರಟ್ಟಿನ ತುದಿಗೂ ನಡುವೆ ರಟ್ಟಿನ ದಪ್ಪದ ಒಂದೂವರೆ ಪಟ್ಟು ಜಾಗ ಇರಬೇಕು. 2 ಮಿ.ಮೀ. ರಟ್ಟಿಗೆ 3 ಮಿ.ಮೀ. ಎಂದಿಟ್ಟುಕೊಳ್ಳಿ. ಮೊದಲು ಉದ್ದದ ಎರಡು ಅಂಚುಗಳನ್ನು ಮಡಿಸಿ ಒತ್ತಿ. ಆಗ ಮೂಲೆಯಲ್ಲಿ ಕಾಗದದ ಒಂದು ಚಿಕ್ಕ ಕಿವಿ ರಟ್ಟಿನಾಚೆ ಚಾಚಿಕೊಂಡು ನಿಲ್ಲುತ್ತದೆ. ಆ ಕಿವಿಯನ್ನು ಉಗುರಿನಿಂದ ಒಳಕ್ಕೆ, ರಟ್ಟಿನ ದಪ್ಪಕ್ಕೆ ಅಂಟಿಕೊಳ್ಳುವಂತೆ ಒತ್ತಿ ಮಲಗಿಸಿ, ಅನಂತರವೇ ಗಿಡ್ಡ ಅಂಚುಗಳನ್ನು ಮಡಿಸಿ. ಈ ಒಂದು ಉಗುರೊತ್ತು ತಪ್ಪಿದರೆ ಮೂಲೆ ಬಿಚ್ಚುತ್ತದೆ, ಸರಿಯಾಗಿ ಬಿದ್ದರೆ ಎಷ್ಟು ವರ್ಷವಾದರೂ ಬಿಚ್ಚುವುದಿಲ್ಲ. ಮಡಿಕೆ ಚೂಪಾಗಿ ಬರಲು ಬೋನ್ ಫೋಲ್ಡರ್ (ಮಡಿಕೆ ಒತ್ತುವ ಮೂಳೆಯ ಪಟ್ಟಿ) ಬೇಕೇ ಬೇಕೆಂದಿಲ್ಲ. ನಾನು ಸ್ಟೀಲ್ ಚಮಚದ ಬೆನ್ನನ್ನು ಬಳಸುತ್ತೇನೆ. ಆದರೆ ಕಾಗದದ ಮೇಲೆ ನೇರವಾಗಿ ಉಜ್ಜಿದರೆ ಹೊಳಪಿನ ಕಲೆ ಬೀಳುತ್ತದೆ, ನಡುವೆ ಒಂದು ತೆಳು ಹಾಳೆ ಇರಲಿ.

ಬಟ್ಟೆ ಹೊದಿಸುವ ಆಸೆ ಮುಂದೆ ಯಾವಾಗಲಾದರೂ ಬಂದರೆ, ಅಂಟನ್ನು ಬಟ್ಟೆಗೆ ನೇರವಾಗಿ ಹಚ್ಚಬೇಡಿ. ಎಳೆಗಳ ನಡುವಿನಿಂದ ಒಸರಿ ಹೊರಗೆ ಬಿಳಿಯ ಮಚ್ಚೆಗಳಾಗುತ್ತವೆ. ಬಟ್ಟೆಯನ್ನು ಗಾಜಿನ ಮೇಲೆ ಮುಖ ಕೆಳಗಾಗಿ ಹರಡಿ, ತುಸು ನೀರು ಚಿಮುಕಿಸಿ ಸುಕ್ಕು ಬಿಡಿಸಿ, ಮೈದಾ ಸರಿ ಹಚ್ಚಿದ ತೆಳು ಕಾಗದವನ್ನು ಅದರ ಬೆನ್ನಿಗೆ ಹಚ್ಚಿ ಒಂದು ದಿನ ಒಣಗಿಸಿ. ಗಾಜಿನಿಂದ ಬಿಡಿಸಿ ತೆಗೆದಾಗ ಬಟ್ಟೆಯು ಕಾಗದದಂತೆಯೇ ಕತ್ತರಿಗೂ ಅಂಟಿಗೂ ಒಗ್ಗುತ್ತದೆ. ಮೊದಲು ಒಂದು ಮೂಲೆಯನ್ನು ಒದ್ದೆ ಬಿಳಿ ಬಟ್ಟೆಯಿಂದ ಒರೆಸಿ, ಬಣ್ಣ ಬಿಡುತ್ತದೆಯೆ ಎಂದು ನೋಡಿಕೊಳ್ಳಬೇಕು.

ಈಗ ನಿಮ್ಮ ಚಿತ್ತಾರ. ಖಂಡಿತ ಸಾಧ್ಯ, ನನಗನ್ನಿಸುವಂತೆ ಕಾಗದದ ಪಟ್ಟಿಗೆ ಇದಕ್ಕಿಂತ ಒಪ್ಪುವ ಅಲಂಕಾರ ಇನ್ನೊಂದಿಲ್ಲ, ಏಕೆಂದರೆ ಚಿತ್ತಾರದ ಜೀವ ಇರುವುದು ನೇರ ಎಳೆಗಳಲ್ಲಿ. ಉಂಗುರ ಸುತ್ತುವ ಕ್ವಿಲ್ಲಿಂಗ್‌ಗೆ ಅದನ್ನು ಒಗ್ಗಿಸಲು ಹೋಗಬೇಡಿ. ಒಂದೂವರೆ ಮಿ.ಮೀ. ಅಗಲದ ಬಿಳಿ ಪಟ್ಟಿಗಳನ್ನು ಸ್ಟೀಲ್ ಸ್ಕೇಲಿಗೆ ಆನಿಸಿ, ಹೊಸ ಬ್ಲೇಡಿನಿಂದ ನಾರಿನ ದಿಕ್ಕಿಗೇ ಕತ್ತರಿಸಿ. ಅಡ್ಡ ದಿಕ್ಕಿಗೆ ಕತ್ತರಿಸಿದ ಪಟ್ಟಿ ಅಂಟು ಮುಟ್ಟಿದ ಕೂಡಲೇ ಉದ್ದಕ್ಕೆ ಬೆಳೆದು ಡೊಂಕಾಗುತ್ತದೆ. ಪೆಟ್ಟಿಗೆಯ ಮೇಲೆ ಪೆನ್ಸಿಲ್ಲಿನಿಂದ ಕಾಣಿಸೀ ಕಾಣಿಸದಂತೆ ಗೆರೆ ಎಳೆದುಕೊಂಡು, ಮೊದಲು ಹೊರಗಿನ ಚೌಕ, ಆಮೇಲೆ ಅದನ್ನು ಹಂಚುವ ಉದ್ದ ಎಳೆಗಳು, ಕೊನೆಗೆ ಓರೆಯ ಸಣ್ಣ ಎಳೆಗಳು, ಈ ಕ್ರಮದಲ್ಲಿ ಹಚ್ಚುತ್ತಾ ಹೋಗಿ. ಹಲ್ಲುಕಡ್ಡಿಯ ತುದಿಯಿಂದ ಪಟ್ಟಿಯ ಬೆನ್ನಿಗೆ ತೆಳುವಾಗಿ ಅಂಟು ಸವರಿ, ಚಿಮುಟದಿಂದ ಎತ್ತಿ ಇಡಿ. ತುದಿಗಳನ್ನು ಉದ್ದವಾಗಿಯೇ ಬಿಟ್ಟು, ಒಣಗಿದ ಮೇಲೆ ಒಂದೇ ಸಲ ಕತ್ತರಿಸಿದರೆ ಅಂಚು ನೇರವಾಗಿ ಬರುತ್ತದೆ.

ಇನ್ನೊಂದು ಉಪಾಯವನ್ನು ಮರೆಯದೆ ಹೇಳಬೇಕು. ಎದ್ದು ನಿಲ್ಲುವ ಅಲಂಕಾರ ಮುಚ್ಚಳದ ಮೇಲಿದ್ದರೆ, ಯಾರಾದರೂ ಅದರ ಮೇಲೆ ಇನ್ನೇನನ್ನೋ ಇಟ್ಟು ಜಜ್ಜಿಹೋಗುತ್ತದೆ. ಆದ್ದರಿಂದ ಮುಚ್ಚಳದ ಮೇಲೆ ಇನ್ನೊಂದು ರಟ್ಟನ್ನು ಕಿಟಕಿಯಂತೆ ನಡುಭಾಗ ಕತ್ತರಿಸಿ ಹಚ್ಚಿ. ಚಿತ್ತಾರ ಆ 2 ಮಿ.ಮೀ. ತಗ್ಗಿನೊಳಗೆ ಸುರಕ್ಷಿತವಾಗಿ ಕೂರುತ್ತದೆ.

ಉತ್ತರ 3: ಓಲೆಗರಿ (ಧಾರವಾಡ)

ಹಸ್ತಪ್ರತಿ ಮತ್ತು ಹಳೆಯ ಕಾಗದಪತ್ರಗಳ ಸಂರಕ್ಷಣೆಯ ಕೆಲಸದಲ್ಲಿರುವುದರಿಂದ ನನ್ನ ಗಮನ ಪೆಟ್ಟಿಗೆಗಿಂತ ಅದರೊಳಗಿನ ಪತ್ರಗಳ ಮೇಲೆಯೇ ಹೋಗುತ್ತದೆ. ಮೇಲಿನ ಎರಡು ಉತ್ತರಗಳೂ ಬಹಳ ಉಪಯುಕ್ತವಾಗಿವೆ. ಒಂದು ಅಂಶವನ್ನು ಮಾತ್ರ ಗೌರವಪೂರ್ವಕವಾಗಿ ಒಪ್ಪಲಾರೆ: ಮೈಲುತುತ್ತ.

ಬೈಂಡಿಂಗ್ ಅಂಗಡಿಗಳಲ್ಲಿ ಸರಿಗೆ ಮೈಲುತುತ್ತ ಹಾಕುವ ರೂಢಿ ಹಳೆಯದು, ಹುಳಗಳನ್ನು ಅದು ದೂರವಿಡುವುದೂ ನಿಜ. ಆದರೆ ಮೈಲುತುತ್ತವೆಂದರೆ ತಾಮ್ರದ ಲವಣ. ತಾಮ್ರವು ತೇವದ ಜೊತೆ ಸೇರಿದಾಗ ಕಾಗದದ ನಾರು ಶಿಥಿಲವಾಗುವ ಕ್ರಿಯೆಯನ್ನು ವೇಗಗೊಳಿಸುತ್ತದೆ. ಹಳೆಯ ಚಿತ್ರಪಟಗಳಲ್ಲಿ ತಾಮ್ರದ ಕಿಲುಬಿನಿಂದ ತಯಾರಿಸಿದ ಹಸಿರನ್ನು ಬಳಿದ ಕಡೆಯಲ್ಲಿ ಮಾತ್ರ ಕಾಗದ ಕಂದುಬಣ್ಣಕ್ಕೆ ತಿರುಗಿ, ಕಿಟಕಿ ತೆರೆದಂತೆ ಉದುರಿಹೋಗಿರುವುದನ್ನು ನಾವು ನೋಡುತ್ತಿರುತ್ತೇವೆ. ದಿನಬಳಕೆಯ ಲೆಕ್ಕದ ಪುಸ್ತಕಕ್ಕೆ ಅದು ನಡೆಯುತ್ತದೆ. ಇನ್ನೂ ಐವತ್ತು ವರ್ಷ ಉಳಿಯಬೇಕಾದ ಪತ್ರಗಳ ಪಕ್ಕದಲ್ಲಿ ಬೇಡ. ಸರಿಯನ್ನು ಬೇಕಾದಷ್ಟೇ ಕಾಯಿಸಿಕೊಂಡು, ಮೂರು ದಿನದೊಳಗೆ ಬಳಸಿ ಮುಗಿಸುವುದು ಒಳ್ಳೆಯದು.

ಎರಡನೆಯದು ರಟ್ಟಿನ ಆಮ್ಲೀಯತೆ. ಬೂದು ರಟ್ಟನ್ನು ಹಳೆಯ ಕಾಗದದ ರದ್ದಿಯಿಂದ ಮಾಡುತ್ತಾರೆ. ದಿನಪತ್ರಿಕೆಯ ಹಾಳೆ ಹಳದಿಯಾಗುವುದಕ್ಕೆ ಏನು ಕಾರಣವೋ ಅದೇ ಅಂಶ ಈ ರಟ್ಟಿನಲ್ಲಿಯೂ ಇರುತ್ತದೆ, ಮತ್ತು ಅದು ತನ್ನನ್ನು ಮುಟ್ಟಿದ ಕಾಗದಕ್ಕೂ ದಾಟುತ್ತದೆ. ಆದ್ದರಿಂದ ಪೆಟ್ಟಿಗೆಯ ಒಳಮೈಗೆ ಹತ್ತಿಯ ಚಿಂದಿಯಿಂದ ತಯಾರಿಸಿದ, ಆಮ್ಲರಹಿತ ಎಂದು ನಮೂದಿಸಿದ ಬಿಳಿ ಕೈಕಾಗದವನ್ನೇ ಹಚ್ಚಿ. ಪುದುಚೇರಿಯಲ್ಲೂ ಜೈಪುರದ ಬಳಿಯ ಸಾಂಗಾನೇರಿನಲ್ಲೂ ಹತ್ತಿಯ ಇಂಥ ಕಾಗದ ತಯಾರಾಗುತ್ತದೆ. ದೊಡ್ಡ ಊರುಗಳ ಕಾಗದದ ಅಂಗಡಿಗಳಲ್ಲಿ ಕೇಳಿದರೆ ತರಿಸಿಕೊಡುತ್ತಾರೆ. ಬಣ್ಣದ ಕಾಗದ, ಮಿನುಗಿನ ಲಗ್ನಪತ್ರಿಕೆಯ ತುಂಡು, ಜರಿ, ಇವೆಲ್ಲ ಹೊರಮೈಗೆ ಮಾತ್ರ ಇರಲಿ. ಪತ್ರಗಳನ್ನು ಅದೇ ಬಿಳಿ ಕಾಗದದ ಮಡಿಕೆಯೊಳಗೆ, ಹತ್ತು ಹತ್ತರಂತೆ ಇಡಿ. ಮಡಿಕೆಯ ಗೆರೆಯಲ್ಲಿ ಹರಿಯತೊಡಗಿದ ಇನ್‌ಲ್ಯಾಂಡ್ ಪತ್ರಗಳನ್ನು ಮತ್ತೆ ಮತ್ತೆ ಮಡಿಸದೆ ಬಿಡಿಸಿಯೇ ಇಡುವುದಾದರೆ ಪೆಟ್ಟಿಗೆಯ ಅಳತೆಯನ್ನು ಅದಕ್ಕೆ ತಕ್ಕಂತೆ ಈಗಲೇ ಹೆಚ್ಚಿಸಿಕೊಳ್ಳಿ. ಗುಂಡುಪಿನ್ನು, ಸ್ಟೇಪಲ್ ಇದ್ದರೆ ತೆಗೆದುಬಿಡಿ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಲೇಬೇಡಿ. ಒಮ್ಮೆ ಲ್ಯಾಮಿನೇಷನ್ ಆದ ಪತ್ರವನ್ನು ಹಾನಿಯಿಲ್ಲದೆ ಬಿಡಿಸಿ ತೆಗೆಯುವುದು ನಮ್ಮಂಥವರಿಂದಲೂ ಆಗುವುದಿಲ್ಲ. ಫೋಟೋಗಳು ಒಂದೊಂದೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿರಲಿ, ಪಿ.ವಿ.ಸಿ. ಪ್ಲಾಸ್ಟಿಕ್ಕಿನ ಆಲ್ಬಮ್ ಹಾಳೆಗಳು ಬೇಡ.

ಮಳೆಗಾಲದ ಬಗ್ಗೆ ಕೇಳಿದ್ದೀರಿ. ಗಾಳಿಯ ತೇವಾಂಶ ಶೇಕಡಾ 65 ದಾಟಿ ಅಲ್ಲೇ ನಿಂತರೆ ಬೂಷ್ಟು ಬೆಳೆಯಲು ಅನುಕೂಲವಾಗುತ್ತದೆ, ಸಾಗರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ತಪ್ಪಿಸುವುದು ಕಷ್ಟ. ರಟ್ಟಿನ ಪೆಟ್ಟಿಗೆ ಗಾಳಿಯಾಡದ ಡಬ್ಬಿಯಲ್ಲ. ತೇವ ಹೀರಲೆಂದು ಅದರೊಳಗೆ ಇಟ್ಟ ಸಿಲಿಕಾ ಜೆಲ್ ಹರಳು ಕೆಲವೇ ದಿನಗಳಲ್ಲಿ ತೇವದಿಂದ ತುಂಬಿಹೋಗುತ್ತದೆ. ಆದ್ದರಿಂದ ಮಳೆಗಾಲದ ನಾಲ್ಕು ತಿಂಗಳು ಇಡೀ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ, ಬಿಗಿಯಾದ ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಜೊತೆಗೆ ಇಡಿ. ಆ ಡಬ್ಬಿಯನ್ನು ಮಳೆ ಹೊಡೆಯುವ ಹೊರಗೋಡೆಗೆ ತಾಗಿಸದೆ, ಮನೆಯ ಒಳಗೋಡೆಯ ಕಡೆಗೆ, ನೆಲದಿಂದ ಎತ್ತರದಲ್ಲಿ ಇರಿಸಿ. ನುಸಿಗುಳಿಗೆ ಹಾಕಬೇಡಿ. ಓಲೆಗರಿಯ ಕಟ್ಟುಗಳಲ್ಲಿ ನಮ್ಮ ಹಿರಿಯರು ಬಜೆಯ ಬೇರನ್ನು ಇಡುತ್ತಿದ್ದರು. ಒಣಗಿದ ಬಜೆಯ ತುಂಡುಗಳನ್ನು ಸಣ್ಣ ಹತ್ತಿಬಟ್ಟೆಯ ಗಂಟಿನಲ್ಲಿ ಕಟ್ಟಿ, ಪತ್ರಗಳಿಗೆ ತಾಗದಂತೆ ಮೂಲೆಯಲ್ಲಿ ಇಡಬಹುದು. ಇವೆಲ್ಲಕ್ಕಿಂತ ಮುಖ್ಯವಾಗಿ, ಮಳೆ ನಿಂತ ಮೇಲೆ ಒಂದು ಒಣ ದಿನ ನೋಡಿ ಪೆಟ್ಟಿಗೆ ತೆರೆದು ಒಂದೊಂದು ಪತ್ರವನ್ನೂ ನೋಡಬೇಕು.

ಉತ್ತರ 4: ರಟ್ಟುಕೆಲಸ (ಮೈಸೂರು)

ಧಾರವಾಡದವರು ಹೇಳಿದ್ದು ಸರಿ. ನಮ್ಮ ಗಿರಾಕಿಗಳ ಪುಸ್ತಕಗಳು ಹತ್ತು ಹದಿನೈದು ವರ್ಷದ ಬಳಕೆಗೆ ಕಟ್ಟಿದಂಥವು. ಮೈಲುತುತ್ತದ ಇನ್ನೊಂದು ಮುಖವನ್ನು ನೋಡುವ ಸಂದರ್ಭವೇ ನನಗೆ ಬಂದಿರಲಿಲ್ಲ. ತಂಗಿ, ಅದನ್ನು ಬಿಟ್ಟುಬಿಡಿ. ಒಳಗೆ ಹತ್ತಿಯ ಬಿಳಿ ಕಾಗದವನ್ನು ಹಚ್ಚುವುದಾದರೆ ಅದರ ತೂಕವೂ ಹೊರಗಿನ ಕೆಂಪು ಕಾಗದದ ತೂಕವೂ ಹೊಂದಿಕೆಯಾಗಬೇಕೆಂಬುದನ್ನು ಮಾತ್ರ ಮರೆಯಬೇಡಿ. ಒಂದು ತೆಳು, ಇನ್ನೊಂದು ದಪ್ಪ ಆದರೆ ಮುಚ್ಚಳ ಮತ್ತೆ ಬಾಗುತ್ತದೆ. ಮೊದಲು ಅಂಗೈಯಗಲದ ಒಂದು ರಟ್ಟಿನ ತುಂಡಿಗೆ ಎರಡನ್ನೂ ಹಚ್ಚಿ, ಒಣಗಿಸಿ, ಮೇಜಿನ ಮೇಲಿಟ್ಟು ನೋಡಿ. ಚಿತ್ತಾರಕ್ಕೆ ಕಿಟಕಿ ಬಿಡುವ ಉಪಾಯ ಬಹಳ ಚೆನ್ನಾಗಿದೆ. ಆ ರಟ್ಟಿಗೂ ನಾರಿನ ದಿಕ್ಕು ಕೆಳಗಿನ ರಟ್ಟಿನದೇ ಇರಲಿ.

ಉತ್ತರ 5: ಥೇಮ್ಸ್ ದಂಡೆ (ಲಂಡನ್)

ಇಲ್ಲಿ ಸಂಜೆಯ ತರಗತಿಯೊಂದರಲ್ಲಿ ಬೈಂಡಿಂಗ್ ಕಲಿಯುತ್ತಿರುವ ಕನ್ನಡಿಗ ನಾನು. ಪುಸ್ತಕದಂತೆ ತೆರೆಯುವ ಪೆಟ್ಟಿಗೆಯ ಆಸೆಯನ್ನು ಪೂರ್ತಿ ಬಿಡಬೇಕಾಗಿಲ್ಲ; ಕೈ ಪಳಗಿದ ಮೇಲೆ ಸೊಲಾಂಡರ್ ಪೆಟ್ಟಿಗೆಯನ್ನು ಪ್ರಯತ್ನಿಸಿ. ಲಿನೇಯಸ್‌ನ ಶಿಷ್ಯ, ಸ್ವೀಡನ್ನಿನ ಸಸ್ಯವಿಜ್ಞಾನಿ ಡೇನಿಯಲ್ ಸೊಲಾಂಡರ್ 18ನೆಯ ಶತಮಾನದಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದವನು, ಪೆಟ್ಟಿಗೆಗೆ ಅವನದೇ ಹೆಸರು. ಒಂದಕ್ಕಿಂತ ಒಂದು ತುಸು ದೊಡ್ಡದಾದ ಎರಡು ತಟ್ಟೆಗಳನ್ನು ಒಂದೇ ಹೊದಿಕೆಗೆ ಅಂಟಿಸಿರುತ್ತಾರೆ. ಮುಚ್ಚಿದಾಗ ಒಂದು ಇನ್ನೊಂದರೊಳಗೆ ಕೂರುತ್ತದೆ. ತೆರೆದಾಗ ಎರಡೂ ಮೇಜಿನ ಮೇಲೆ ಮಟ್ಟವಾಗಿ ಮಲಗುವುದರಿಂದ ಓದಿದ ಪತ್ರವನ್ನು ಎಡಕ್ಕೂ ಓದಬೇಕಾದ್ದನ್ನು ಬಲಕ್ಕೂ ಇಟ್ಟುಕೊಳ್ಳಬಹುದು. ಇಲ್ಲಿನವರು ಹೊರಮೈಗೆ ನೀರಿನ ಮೇಲೆ ಬಣ್ಣ ತೇಲಿಸಿ ಎತ್ತಿದ ಅಮೃತಶಿಲೆಯಂಥ ಕಾಗದವನ್ನು ಹಚ್ಚುತ್ತಾರೆ. ಅದನ್ನು ಕಂಡಾಗಲೆಲ್ಲ ನನಗೆ ವಿಜಯಪುರದ ನೆನಪಾಗುತ್ತದೆ. 17ನೆಯ ಶತಮಾನದ ಆದಿಲಶಾಹಿ ಕಾಲದಲ್ಲಿ ಅಲ್ಲಿನ ಚಿತ್ರಕಾರರು ಇದೇ ವಿಧಾನದಿಂದ ಕುದುರೆ, ಸವಾರರ ಚಿತ್ರಗಳನ್ನೇ ಮೂಡಿಸಿದ್ದರು. ಈ ಕಾಗದಕ್ಕೆ ಬಣ್ಣ ಹಿಡಿಯಲೆಂದು ಪಟಿಕದ ನೀರು ಹಚ್ಚಿರುತ್ತಾರೆ, ಅದು ಆಮ್ಲೀಯ. ಆದ್ದರಿಂದ ಇದು ಕೂಡ ಹೊರಮೈಗೆ ಮಾತ್ರ.

ಮರುಬರಹ: ಭೂಮಿಹುಣ್ಣಿಮೆ (ಸಾಗರ)

ಎಲ್ಲರಿಗೂ ಋಣಿಯಾಗಿದ್ದೇನೆ. ನಿಮ್ಮೆಲ್ಲರ ಮಾತಿನಂತೆ ಭೂಮಿ ಹುಣ್ಣಿಮೆಗೆ ಕೊಡುವ ಯೋಚನೆಯನ್ನು ಬಿಟ್ಟು, ಸಂಕ್ರಾಂತಿ ಕಳೆದ ಮೇಲೆ ಕೆಲಸ ಶುರುಮಾಡಿದೆ. ಒಂಬತ್ತು ದಿನ ಹಿಡಿಯಿತು. ಅಂಗೈಯಗಲದ ತುಂಡಿನ ಪರೀಕ್ಷೆಯಲ್ಲಿ ಮೊದಲ ಸಲ ಬಿಳಿ ಕಾಗದ ತೆಳುವಾಗಿ, ತುಂಡು ಕೆಂಪು ಕಾಗದದ ಕಡೆಗೆ ಬಾಗಿತು. ಒಳಗೆ ಎರಡನೆಯ ಪದರ ಹಚ್ಚಿದ ಮೇಲೆ ಮೇಜಿನ ಮೇಲೆ ಅಲುಗಾಡದೆ ಕೂತಿತು. ಈ ಪರೀಕ್ಷೆ ಮಾಡದೆ ಹೋಗಿದ್ದರೆ ಎರಡನೆಯ ಮುಚ್ಚಳವೂ ಮೊದಲನೆಯದರ ಹಾದಿಯನ್ನೇ ಹಿಡಿಯುತ್ತಿತ್ತು.

ಇನ್‌ಲ್ಯಾಂಡ್ ಪತ್ರಗಳನ್ನು ಬಿಡಿಸಿಯೇ ಇಡಲು ತೀರ್ಮಾನಿಸಿ ಒಳ ಅಳತೆಯನ್ನು 32 × 24 ಸೆಂ.ಮೀ.ಗೆ ಹೆಚ್ಚಿಸಿಕೊಂಡೆ. ಪೆಟ್ಟಿಗೆಗೆ ಹೊದಿಕೆ ಹಾಕಿ ಮುಗಿಸಿ, ಅದನ್ನು ಅಳೆದೇ ಮುಚ್ಚಳದ ರಟ್ಟು ಕತ್ತರಿಸಿದೆ. ಈಗ ಮುಚ್ಚಳವನ್ನು ಮೇಲಿಟ್ಟು ಕೈಬಿಟ್ಟರೆ, ಒಳಗಿನ ಗಾಳಿ ಮೆಲ್ಲಗೆ ಹೊರಗೆ ಹೋಗುತ್ತಾ ಅದು ತಾನಾಗಿಯೇ ಇಳಿದು ಕೂರುತ್ತದೆ. ಆ ಇಳಿಯುವುದನ್ನು ನೋಡಲೆಂದೇ ನಾನು ಹತ್ತು ಸಲ ತೆಗೆದು ಹಾಕಿದ್ದೇನೆ. ಮೂಲೆಯ ಉಗುರೊತ್ತು ಎಂಟರಲ್ಲಿ ಆರು ಕಡೆ ಸರಿಯಾಗಿ ಬಿದ್ದಿದೆ. ಉಳಿದ ಎರಡು ಕಡೆ ಅದೇ ಕೆಂಪು ಕಾಗದದ ಚೂರನ್ನು ಒಳಗಿನಿಂದ ಹಚ್ಚಿ ಮುಚ್ಚಿದೆ, ಹುಡುಕಿ ನೋಡಿದರೆ ಮಾತ್ರ ಕಾಣುತ್ತದೆ.

ಚಿತ್ತಾರಕ್ಕೆ ಬೇಕಾದ ಪಟ್ಟಿಗಳನ್ನು ಕತ್ತರಿಸುವುದಕ್ಕೇ ಎರಡು ಸಂಜೆ ಬೇಕಾದವು. ನಾರಿನ ದಿಕ್ಕಿಗೆ ಕತ್ತರಿಸಿದ ಪಟ್ಟಿಗೂ ಅಡ್ಡಕ್ಕೆ ಕತ್ತರಿಸಿದ ಪಟ್ಟಿಗೂ ಇರುವ ವ್ಯತ್ಯಾಸವನ್ನು ಅಂಟು ಮುಟ್ಟಿಸಿದ ಕೂಡಲೇ ಕಣ್ಣಾರೆ ಕಂಡೆ. ಮನೆಯಲ್ಲಿ ಉಳಿದಿರುವ ಅಜ್ಜಿಯ ಒಂದೇ ಒಂದು ಹಳೆಯ ಬುಟ್ಟಿಯ ಮೇಲಿನ ಎಳೆಗಳನ್ನು ನೋಡಿಕೊಂಡು ಹಚ್ಚುತ್ತಾ ಹೋದೆ. ಬುಟ್ಟಿಯ ಒಂದು ಬದಿ ಮಾಸಿಹೋಗಿದ್ದರಿಂದ ಅಲ್ಲಿ ನನಗೆ ತೋಚಿದಂತೆ ತುಂಬಿಸಿದೆ.

ಮೊನ್ನೆ ಅಮ್ಮನಿಗೆ ಕೊಟ್ಟೆ. ಅವರು ಮುಚ್ಚಳವನ್ನು ತೆರೆಯುವ ಮೊದಲು ಕಿಟಕಿಯ ತಗ್ಗಿನೊಳಗೆ ಬೆರಳಿಟ್ಟು ಎಳೆಗಳನ್ನು ಒಂದೊಂದಾಗಿ ಎಣಿಸಿದರು. ಬಲಗಡೆ, ನಾನು ಊಹೆಯಿಂದ ತುಂಬಿಸಿದ ಜಾಗಕ್ಕೆ ಬಂದಾಗ ಬೆರಳು ನಿಂತಿತು. ಅಲ್ಲಿ ಅಜ್ಜಿ ಎರಡು ಎಳೆ ಹೆಚ್ಚಿಗೆ ಬರೆಯುತ್ತಿದ್ದರು ಎಂದರು. ಬಿಳಿ ಪಟ್ಟಿಗಳು ಇನ್ನೂ ಉಳಿದಿವೆ. ಈ ಭಾನುವಾರ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಎರಡು ಎಳೆಗಳನ್ನು ಹಚ್ಚುತ್ತೇನೆ.